ಕೆಳಗಿನ ಮನೆಯ ಮಾವಶಿ ಮತ್ತು ಶುರುವಾಗದ ಕಂಪ್ಯೂಟರ್

ಕಳೆದ ವಾರ ಪುಣೆಯಲ್ಲಿ ಸ್ವಾರಗೇಟಿನಿಂದ ಕಾತ್ರಜಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ವಯಸ್ಸಾದ ಹೆಂಗಸು ಕೈಚೀಲದಿಂದ ಸಣ್ಣದೊಂದು ಬಾಟಲಿ ತೆಗೆದು ಮುಂಗೈಗೆ ಎಣ್ಣೆ ತಿಕ್ಕಿಕೊಳ್ಳತೊಡಗಿದರು. ಕರ್ಪೂರ ಹಾಕಿ ಕಾಯಿಸಿದ ಎಳ್ಳೆಣ್ಣೆ. ಆ ವಾಸನೆ ಮೂಗಿಗೆ ತಾಕಿದ್ದೇ ತಡ, ಹೋಗಬೇಕಾದ ಕೆಲಸ ಮರೆತೇಹೋಯಿತು. ಕಾತ್ರಜ ಇನ್ನೂ ಮುಂದಿರುವಾಗಲೇ ಧನಕವಡಿಯ ಹತ್ತಿರ ಇಳಿದುಬಿಟ್ಟೆ. ಎಷ್ಟೋ ವರ್ಷಗಳಿಂದ ಅಲ್ಲಿ ನಾವಿದ್ದ ಗಲ್ಲಿಯ ಕಡೆ ಕಾಲಿಟ್ಟಿರಲಿಲ್ಲ...

ಆ ವಾಸನೆ ನಮ್ಮ ಕೆಳಗಿನ ಮನೆಯ ಮಾವಶಿಯದು. ಮರಾಠಿಯಲ್ಲಿ ಮಾವಶಿ ಎಂದರೆ ಚಿಕ್ಕಮ್ಮ. ಕಟ್ಟಡದಲ್ಲಿ ಎಲ್ಲರೂ ಹಾಗೆ ಕರೆಯುತ್ತಿದ್ದುದರಿಂದ ನಾನೂ ಕರೆಯುತ್ತಿದ್ದೆ. ಬಹಳ ದಿನ ಆ ಶಬ್ದದಲ್ಲಿ ಸಲಿಗೆಯೇನೂ ಇರಲಿಲ್ಲ. ಮೂರು ಮಹಡಿಯ ಹಳೆಯ ಕಟ್ಟಡ ಅದು. ಅವರು ನೆಲಮಹಡಿಯಲ್ಲಿ ಒಬ್ಬರೇ ಇದ್ದರು, ನಾನು ಸರಿಯಾಗಿ ಅವರ ತಲೆಯ ಮೇಲೆ. ನನ್ನ ತುಳಸಿಯ ಕುಂಡದಿಂದ ನೀರು ತೊಟ್ಟಿಕ್ಕಿದರೆ ಅವರು ಅಂಗಳಕ್ಕೆ ಬಂದು ಕತ್ತೆತ್ತಿ ಮೇಲೆ ನೋಡುತ್ತಿದ್ದರು. ಬಾಯಿ ಬಿಡುತ್ತಿರಲಿಲ್ಲ. ಆ ನೋಟ ಸಾಕಾಗುತ್ತಿತ್ತು. ಯಾರ ಮನೆಯ ಪೂಜೆಗೂ ಹೋಗುತ್ತಿರಲಿಲ್ಲ, ಯಾರ ಮನೆಯ ಚಹಾವನ್ನೂ ಕುಡಿಯುತ್ತಿರಲಿಲ್ಲ. ಜಂಬದ ಹೆಂಗಸು ಎಂದು ನಾವೆಲ್ಲ ತೀರ್ಮಾನ ಮಾಡಿದ್ದೆವು.

ನಾನು ವಿಜಯಪುರದವಳು. ಮದುವೆಯಾಗಿ ಪುಣೆಗೆ ಬಂದಿದ್ದೆ. ಗಂಡನಿಗೆ ತಳೇಗಾಂವ ದಾಭಾಡೆಯ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ದಿನಾ ಅಷ್ಟು ದೂರ ಓಡಾಡುವುದು ಆಗದ ಮಾತೆಂದು ವಾರವೆಲ್ಲ ಅಲ್ಲೇ ಗೆಳೆಯರ ಕೋಣೆಯಲ್ಲಿದ್ದು ಶನಿವಾರ ಸಂಜೆ ಮನೆಗೆ ಬರುತ್ತಿದ್ದರು. ನಾನು ಕಾತ್ರಜದ ಆಚೆ ಏಳುತ್ತಿದ್ದ ದೊಡ್ಡ ಕಟ್ಟಡಗಳ ಕೆಲಸದ ಜಾಗದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಯಾದಗಿರಿ, ರಾಯಚೂರು, ಕಲಬುರ್ಗಿ ಕಡೆಯಿಂದ ಬಂದು ಗಾರೆ ಕಲಸುವವರ, ಇಟ್ಟಿಗೆ ಹೊರುವವರ ಮಕ್ಕಳು. ಒಂದು ಸಣ್ಣ ಸಂಸ್ಥೆ ತಗಡಿನ ಶೆಡ್ಡಿನಲ್ಲಿ ಕನ್ನಡದ ತರಗತಿ ನಡೆಸುತ್ತಿತ್ತು. ಶಿಕ್ಷಕಿ ನಾನೊಬ್ಬಳೇ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಮೇ ತಿಂಗಳ ಕೊನೆ. ಆ ಕಟ್ಟಡದ ಕೆಲಸ ಮುಗಿದು ಎಲ್ಲ ಕುಟುಂಬಗಳೂ ಶನಿವಾರ ಮಧ್ಯಾಹ್ನ ಊರಿಗೆ ಹೊರಡುವವರಿದ್ದರು. ಊರ ಶಾಲೆಯಲ್ಲಿ ಮಕ್ಕಳನ್ನು ಕೂರಿಸುವುದೇ ಒಂದು ತಕರಾರು. ಕೈಯಲ್ಲಿ ಕಾಗದವಿಲ್ಲದಿದ್ದರೆ ಹತ್ತು ವರ್ಷದ ಹುಡುಗಿಯನ್ನೂ ಒಂದನೆಯ ಇಯತ್ತೆಗೆ ಹಾಕುತ್ತಿದ್ದರು. ಹಾಗೆ ಹಾಕಿದ ಹುಡುಗಿ ನಾಚಿಕೆಯಿಂದ ಒಂದು ವಾರದಲ್ಲಿ ಶಾಲೆ ಬಿಟ್ಟು ಮತ್ತೆ ತಾಯಿಯ ಜೊತೆ ಇಟ್ಟಿಗೆ ಹೊರಲು ನಿಲ್ಲುತ್ತಿದ್ದಳು. ಇದನ್ನು ಹಿಂದಿನ ವರ್ಷ ನಾನು ಕಣ್ಣಾರೆ ಕಂಡಿದ್ದೆ. ಸಂಸ್ಥೆಯವರು ಅಲ್ಲಿಯ ಅಧಿಕಾರಿಗಳ ಜೊತೆ ಪತ್ರವ್ಯವಹಾರ ಮಾಡಿ ಒಂದು ದಾರಿ ಹುಡುಕಿದ್ದರು. ಹೆಸರು, ಹುಟ್ಟಿದ ದಿನ, ಹಾಜರಿ, ಅಂಕಗಳನ್ನು ಗೊತ್ತುಪಡಿಸಿದ ನಮೂನೆಯಲ್ಲಿ ಮುದ್ರಿಸಿ ಮೊಹರು ಹಾಕಿದ ಹಾಳೆ ತಂದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳುವುದು.

ನಲವತ್ತಮೂರು ಮಕ್ಕಳ ಎರಡು ವರ್ಷದ ಲೆಕ್ಕವೆಲ್ಲ ನನ್ನ ಮನೆಯ ಕಂಪ್ಯೂಟರಿನಲ್ಲಿತ್ತು. ಅಲ್ಲಿ ಮಾತ್ರ ಇತ್ತು. ಹಾಜರಿ ಪುಸ್ತಕಗಳಿದ್ದ ತಗಡಿನ ಪೆಟ್ಟಿಗೆ ಹಿಂದಿನ ತಿಂಗಳು ಶೆಡ್ಡು ಕಿತ್ತಾಗ ಸಾಮಾನಿನ ಲಾರಿಯ ಜೊತೆ ಎಲ್ಲಿಗೋ ಹೋಗಿತ್ತು. ಫ್ಲಾಪಿಯಲ್ಲಿ ಒಂದು ಪ್ರತಿ ಇಟ್ಟಿದ್ದೆ, ಅದು ಓದಿಸಿಕೊಳ್ಳಲು ಒಪ್ಪುತ್ತಿರಲಿಲ್ಲ.

ಸಂಸ್ಥೆಗೆ ಯಾರೋ ದಾನ ಕೊಟ್ಟ ಹಳೆಯ ಯಂತ್ರ ಅದು. ಕನ್ನಡ ಅಕ್ಷರದ ಒಂದು ಪುಟ ತೆರೆಯುವಷ್ಟರಲ್ಲಿ ಅನ್ನಕ್ಕೆ ಇಟ್ಟು ಬರಬಹುದಾಗಿತ್ತು. ನನ್ನ ಗಂಡನ ಪರಿಚಯದವರೊಬ್ಬರು ತಮ್ಮ ಯಂತ್ರದಿಂದ ತೆಗೆದ, ಅದಕ್ಕಿಂತ ವೇಗದ ಒಂದು ಪ್ರೊಸೆಸರ್ ಕೊಟ್ಟು, ‘ಏನೂ ಕಷ್ಟ ಇಲ್ರಿ. ಹಳೇದು ತಗೀಬೇಕು, ಹೊಸದು ಕೂಡಿಸಬೇಕು, ಬಾಜೂಕ ಎರಡು ಸಣ್ಣ ಜಂಪರ್ ಅದಾವ, ಅವನ್ನ ಸರಿಸಬೇಕು, ಅಷ್ಟ’ ಎಂದು ಹೇಳಿದ್ದರು. ನಲವತ್ತಮೂರು ಹಾಳೆ ಮುದ್ರಿಸುವುದಿದೆ, ಯಂತ್ರ ಸ್ವಲ್ಪ ಚುರುಕಾದರೆ ಒಳ್ಳೆಯದಲ್ಲವೇ ಎಂದುಕೊಂಡು ಗುರುವಾರ ಬೆಳಿಗ್ಗೆ ಅಡುಗೆಮನೆಯ ಸ್ಕ್ರೂಡ್ರೈವರ್ ಹಿಡಿದು ನಾನೇ ಕೂತೆ. ಅದಕ್ಕೆ ಮುಂಚೆ ಕಂಪ್ಯೂಟರಿನ ಒಳಗನ್ನು ನಾನು ನೋಡಿಯೇ ಇರಲಿಲ್ಲ.

ಎಲ್ಲ ಕೂಡಿಸಿ ಗುಂಡಿ ಒತ್ತಿದೆ. ಒಳಗೆ ಫ್ಯಾನು ತಿರುಗಿತು. ಪರದೆ ಕಪ್ಪಗೇ ಇತ್ತು. ಸಾಮಾನ್ಯವಾಗಿ ಶುರುವಾಗುವಾಗ ಬರುವ ‘ಪೀ’ ಎಂಬ ಸಣ್ಣ ಸದ್ದೂ ಬರಲಿಲ್ಲ. ಆರಿಸಿ ಮತ್ತೆ ಹಾಕಿದೆ. ಹತ್ತು ಸಲ ಮಾಡಿರಬೇಕು. ಫ್ಯಾನು ಮಾತ್ರ ತನಗೇನೂ ಸಂಬಂಧವಿಲ್ಲ ಎಂಬಂತೆ ತಿರುಗುತ್ತಲೇ ಇತ್ತು.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ... ತೆರೆದ ಬಾಗಿಲಲ್ಲಿ ಮಾವಶಿ ನಿಂತಿದ್ದರು. ಕರ್ಪೂರದೆಣ್ಣೆಯ ವಾಸನೆ ಅವರಿಗಿಂತ ಮೊದಲೇ ಒಳಗೆ ಬಂದಿತ್ತು. ‘ಅಹೋ, ತುಮಚಾ ನಳ ಚಾಲೂ ಆಹೆ. ಜಿನ್ಯಾವರೂನ ಪಾಣಿ ಯೇತಂಯ’ ಎಂದರು. ಬಚ್ಚಲಲ್ಲಿ ನಳ ಬಿಟ್ಟು ಬಂದಿದ್ದೆ. ನೀರು ಮೆಟ್ಟಿಲಿಳಿದು ಅವರ ಬಾಗಿಲಿಗೆ ಹೋಗಿತ್ತು. ಏಳಬೇಕು ಎನಿಸಲಿಲ್ಲ. ಅವರ ಕಡೆ ನೋಡದೆ ನನ್ನಷ್ಟಕ್ಕೆ ನಾನೇ ಗೊಣಗಿದೆ. ‘ಯಾವ ಜನ್ಮದ ಕರ್ಮ ಮಾಡೀನೋ ಏನೋ.’

‘ಕರ್ಮದ ಮಾತು ಆಮ್ಯಾಲೆ’ ಎಂದರು ಮಾವಶಿ. ‘ಮೊದಲ ನಳ ಬಂದ್ ಮಾಡು.’

ಎರಡು ವರ್ಷ ಅವರ ತಲೆಯ ಮೇಲೆ ವಾಸವಾಗಿದ್ದೆ. ಅವರ ಬಾಯಿಂದ ಒಂದು ಕನ್ನಡ ಶಬ್ದ ಕೇಳಿರಲಿಲ್ಲ. ನಳ ನಿಲ್ಲಿಸಿ ಬಂದೆ. ಅವರು ಅಷ್ಟರಲ್ಲಿ ಒಳಗೆ ಬಂದು ಬಿಚ್ಚಿದ ಯಂತ್ರದ ಮುಂದೆ ಬಗ್ಗಿ ನೋಡುತ್ತಿದ್ದರು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದರು.

‘ನಿಮಗ ಕನ್ನಡ ಬರತದೇನ್ರಿ?’ ಎಂದೆ.

‘ಬೆಳಗಾವಿಯಾಗ ಹುಟ್ಟಿದಕಿ. ಬರದ ಏನ್ ಮಾಡ್ತದ?’ ಎಂದು ಅದನ್ನು ಅಲ್ಲಿಗೇ ಮುಗಿಸಿ, ‘ಇದಕ್ಕೇನಾತು?’ ಎಂದು ಕೇಳಿದರು.

ನಾನು ಅಳುತ್ತ ಎಲ್ಲ ಹೇಳಿದೆ. ಮಕ್ಕಳು, ಶನಿವಾರದ ಬಸ್ಸು, ಹಾಳೆಗಳು, ಕಳೆದುಹೋದ ಪೆಟ್ಟಿಗೆ. ಅವರು ಪೂರ್ತಿ ಕೇಳಿ, ತಾವು ಕಂಪ್ಯೂಟರ್ ಮುಟ್ಟಿದವರಲ್ಲ, ಆದರೆ ಮೂವತ್ತು ವರ್ಷ ರೇಡಿಯೊ ಕಾರ್ಖಾನೆಯಲ್ಲಿದ್ದವರು ಎಂದರು. ಅದರಲ್ಲಿ ಹತ್ತೊಂಬತ್ತು ವರ್ಷ ಪರೀಕ್ಷೆಯ ಮೇಜಿನ ಮುಂದೆ. ಶುರುವಾಗದ ಯಂತ್ರಗಳನ್ನು ನೋಡುವುದೇ ಅವರ ಕೆಲಸವಾಗಿತ್ತು.

‘ನಾ ಹೇಳ್ತೀನಿ, ನೀ ಮಾಡು. ಆದರ ಮೊದಲ ಈ ನೈಲಾನ್ ಸೀರಿ ಬಿಟ್ಟು ಹತ್ತೀದು ಉಟ್ಕೊಂಡ್ ಬಾ. ನೈಲಾನ್ ತಿಕ್ಕಿದರ ಕೈಯಾಗ ಕರೆಂಟ್ ಕೂಡ್ತದ. ಇಂಥ ನಾಜೂಕು ಸಾಮಾನು ಅದಕ್ಕ ಸಾಯ್ತಾವ.’

ನಾನು ಸೀರೆ ಬದಲಿಸಿ ಬಂದೆ. ಒಂದು ನೋಟುಬುಕ್ಕು ತರಿಸಿದರು. ಹಾಳೆಯ ನಡುವೆ ಗೆರೆ ಹಾಕಿಸಿದರು. ಎಡಗಡೆ ಮಾಡಿದ್ದು, ಬಲಗಡೆ ಆದದ್ದು. ಬೆಳಿಗ್ಗೆಯಿಂದ ನನ್ನ ಕೈ ಎಲ್ಲೆಲ್ಲಿ ಹೋಯಿತೋ ಅಷ್ಟನ್ನೂ ಸಾಲಾಗಿ ಬರೆಯಬೇಕು. ಬರೆದೆ. ಆಮೇಲೆ ಹೊಸ ಪ್ರೊಸೆಸರ್ ತೆಗೆದು ಹಳೆಯದನ್ನೇ ಮತ್ತೆ ಕೂಡಿಸು ಎಂದರು. ಕೂಡಿಸಿ ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಪರದೆ ಕಪ್ಪು.

‘ಹಳೇದೂ ಸುಟ್ಟು ಹೋತ್ರಿ ಮಾವಶಿ’ ಎಂದೆ.

‘ಛಲೋ ಆತು.’

‘ಏನ್ ಛಲೋರಿ ಇದರಾಗ?’

‘ಇದ ಹಳೇದು ನಿನ್ನೆ ನಡೀತಿತ್ತೋ ಇಲ್ಲೋ? ಈಗ ನಡೆವಲ್ದು. ಹಳೇದೂ ಸಾಯೋದು, ಹೊಸದೂ ಸಾಯೋದು, ಎರಡೂ ಒಂದ ಮುಂಜಾನಿ ಸಾಯೋದು ಕಡಿಮಿ. ತಪ್ಪು ಇವೆರಡರಾಗ ಇಲ್ಲ. ನಿನ್ನ ಕೈ ಮತ್ತೆಲ್ಲೋ ಹೋಗೇದ. ಬರಕೋ.’

ಬರೆದುಕೊಂಡೆ. ಅಷ್ಟರಲ್ಲಿ ಕರೆಂಟು ಹೋಯಿತು. ಗುರುವಾರವಲ್ಲವೇ... ಪುಣೆಯಲ್ಲಿ ಗುರುವಾರವೆಂದರೆ ವಿದ್ಯುತ್ ದುರಸ್ತಿಯ ದಿನ. ಹತ್ತಕ್ಕೆ ಹೋದರೆ ನಾಲ್ಕರ ತನಕ ಬರುವುದಿಲ್ಲ. ನನಗೆ ಆ ಆರು ಗಂಟೆ ಆರು ವರ್ಷದಂತೆ ಕಂಡಿತು. ಮಾವಶಿ ಮಾತ್ರ ಇದಕ್ಕೇ ಕಾಯುತ್ತಿದ್ದವರಂತೆ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿಸಿ, ಒಳಗಿನದನ್ನೆಲ್ಲ ಒಂದೊಂದಾಗಿ ಬಿಚ್ಚಿ ಸಾಲಾಗಿ ಇಡಲು ಹೇಳಿದರು. ಯಾವುದು ಎಲ್ಲಿತ್ತು ಎಂದು ಪತ್ರಿಕೆಯ ಮೇಲೇ ಪೆನ್ನಿನಿಂದ ಬರೆಸಿದರು. ಅವರು ಕುರ್ಚಿಯ ಮೇಲೆ, ನಾನು ನೆಲದ ಮೇಲೆ. ಅವರ ಬೆರಳು ಒಂದೇ ಒಂದು ಸಾಮಾನನ್ನೂ ಮುಟ್ಟಲಿಲ್ಲ. ಇದೂ ಜಂಬವೇ ಇರಬೇಕು, ಮೇಲಧಿಕಾರಿಯ ಅಭ್ಯಾಸ, ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ಹನ್ನೊಂದರ ಹೊತ್ತಿಗೆ ಚಹಾ ಮಾಡಿ ತಂದೆ. ಅವರು ಬೇಡ ಎಂದರು. ನಾನು ಬಿಡಲಿಲ್ಲ. ಸೆರಗಿನೊಳಗಿಂದ ಕೈ ಹೊರಗೆ ಬಂತು, ಕಪ್ಪು ಹಿಡಿಯಿತು, ಚಹಾ ಅರ್ಧಕ್ಕರ್ಧ ಸೀರೆಯ ಮೇಲೆ ಚೆಲ್ಲಿತು. ಕೈ ನಡುಗುತ್ತಿತ್ತು. ಗಾಳಿಗೆ ಸಿಕ್ಕ ಎಲೆಯಂತೆ, ಮಣಿಕಟ್ಟಿನಿಂದ ಬೆರಳ ತುದಿಯ ತನಕ. ನಾನು ಬಟ್ಟೆ ತರಲು ಎದ್ದೆ. ‘ಕೂಡು’ ಎಂದರು.

ಯಾರ ಮನೆಯಲ್ಲೂ ಅವರು ಚಹಾ ಯಾಕೆ ಕುಡಿಯುವುದಿಲ್ಲ ಎಂದು ಆಗ ತಿಳಿಯಿತು.

ಆ ಕರೆಂಟಿಲ್ಲದ ಮಧ್ಯಾಹ್ನ ಅವರು ಹೇಳಿದ್ದು ಇಷ್ಟು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಗಂಡ ತೀರಿಕೊಂಡಾಗ ಅವನಿದ್ದ ಕಾರ್ಖಾನೆಯವರು ಇವರಿಗೆ ತಂತಿ ಸುತ್ತುವ ಕೆಲಸ ಕೊಟ್ಟರು. ಹೆಂಗಸರೆಲ್ಲ ಸುತ್ತುವ ಕೆಲಸಕ್ಕೆ, ಗಂಡಸರು ಪರೀಕ್ಷೆಯ ಮೇಜಿಗೆ. ಇವರಿಗೆ ಆ ಮೇಜಿನ ಆಸೆ. ಪಾಳಿ ಮುಗಿದ ಮೇಲೆ ಮನೆಗೆ ಹೋಗದೆ ಪರೀಕ್ಷಕರ ಬೆನ್ನ ಹಿಂದೆ ನಿಂತು ನೋಡುತ್ತಿದ್ದರಂತೆ, ವರ್ಷಗಟ್ಟಲೆ. ಒಮ್ಮೆ ಮೂವರು ಗಂಡಸರು ಎರಡು ದಿನ ಹುಡುಕಿದ ದೋಷವನ್ನು ಹಿಂದೆ ನಿಂತಿದ್ದ ಇವರು ತೋರಿಸಿಕೊಟ್ಟರು. ಆಮೇಲೆ ಮೇಜು ಸಿಕ್ಕಿತು. ಆ ಸಾಲಿನಲ್ಲಿ ಕೂತ ಮೊದಲ ಹೆಂಗಸು ಇವರೇ. ನಡುಕ ಶುರುವಾದಾಗ ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಕೆಲಸ ಮಾಡಿದರು. ಯಾರಿಗೂ ಗೊತ್ತಾಗದಂತೆ ಎರಡು ವರ್ಷ. ಒಂದು ದಿನ ಅಳತೆಯ ಸೂಜಿ ಜಾರಿ ಒಂದು ತಯಾರಾದ ಯಂತ್ರ ಸುಟ್ಟುಹೋಯಿತು. ಸುತ್ತಲೂ ಯಾರೂ ನೋಡಿರಲಿಲ್ಲ. ಮೊದಲೇ ಕೆಟ್ಟಿತ್ತು ಎಂದು ಬರೆದಿದ್ದರೆ ಮುಗಿಯುತ್ತಿತ್ತು.

‘ದೋಷದ ಪುಸ್ತಕದಾಗ ನನ್ನ ಹೆಸರು ನಾನ ಬರದೆ’ ಎಂದರು. ‘ಬರೀಲಿಕ್ಕ ಭಾಳ ಹೊತ್ತು ಹಿಡೀತು, ಕೈ ನಿಲ್ಲಲಿಲ್ಲ. ಮರುದಿನ ಪ್ಯಾಕಿಂಗ್ ವಿಭಾಗಕ್ಕ ಹೋದೆ. ಈಗ ಹನ್ನೊಂದು ವರ್ಷ ಆತು, ಬಿಚ್ಚಿದ ಯಂತ್ರದ ಮುಂದ ಕೂತಿಲ್ಲ. ಇವತ್ತ ಕೂತೀನಿ.’

ನಾನು ತಲೆ ತಗ್ಗಿಸಿದೆ. ಅವರು ಬರೆಸಿದ ನೋಟುಬುಕ್ಕಿನಲ್ಲಿ ನಾನು ಒಂದು ವಿಷಯ ಬರೆದಿರಲಿಲ್ಲ. ಪರಿಚಯದವರು ಹೇಳಿದ ಆ ಎರಡು ಜಂಪರುಗಳು, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಟೋಪಿಗಳು... ಅವನ್ನು ಬೆಳಿಗ್ಗೆ ಅಂದಾಜಿನಲ್ಲಿ ಸರಿಸಿದ್ದೆ. ಒಂದು ಕೈಜಾರಿ ಬಿದ್ದಿತ್ತು. ಎಲ್ಲಿಂದ ಬಿತ್ತೋ ಗೊತ್ತಾಗದೆ ಕಂಡಲ್ಲಿ ಸಿಕ್ಕಿಸಿದ್ದೆ. ಮರೆತುಬಿಟ್ಟಿದ್ದೆ ಎಂದು ಹೇಳಬಹುದಾಗಿತ್ತು. ಪೂರ್ತಿ ಮರೆತಿರಲಿಲ್ಲ. ದಡ್ಡಿ ಅನ್ನಿಸಿಕೊಳ್ಳಲು ಮನಸ್ಸಿರಲಿಲ್ಲ. ಈಗ ಹೇಳಿಬಿಟ್ಟೆ.

ಬೈಯುತ್ತಾರೆ ಎಂದುಕೊಂಡಿದ್ದೆ. ‘ಕೆಳಗ ನನ್ನ ಮನ್ಯಾಗ, ದೇವರ ಮಾಡದ ಬಾಜೂಕ ಒಂದು ಡಬ್ಬಿ ಅದ. ತಗೊಂಡ್ ಬಾ’ ಎಂದಷ್ಟೇ ಹೇಳಿ ಕೀಲಿಕೈ ಕೊಟ್ಟರು.

ಡಬ್ಬಿಯಲ್ಲಿ ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಒಂದು ಭೂತಗನ್ನಡಿ ಇತ್ತು. ಅದನ್ನು ಕಣ್ಣಿಗಿಟ್ಟುಕೊಂಡು ನೋಡಿದರೆ ಸಾಮಾನುಗಳೆಲ್ಲ ಕೂಡುವ ಒಳಗಿನ ಹಸಿರು ಹಲಗೆಯ ಮೂಲೆಯಲ್ಲಿ ಇರುವೆಯ ಸಾಲಿನಷ್ಟು ಸಣ್ಣ ಅಕ್ಷರಗಳಲ್ಲಿ ಒಂದು ಪಟ್ಟಿಯೇ ಇತ್ತು. ಯಾವ ಪ್ರೊಸೆಸರಿಗೆ ಯಾವ ಟೋಪಿ ಎಲ್ಲಿರಬೇಕು ಎಂದು. ನಾನು ಓದಿದೆ, ಅವರು ಅರ್ಥ ಹೇಳಿದರು. ಹಳೆಯ ಪ್ರೊಸೆಸರ್ ಕೂಡಿಸಿದ್ದೆನೇ ಹೊರತು ಟೋಪಿಗಳನ್ನು ಹಳೆಯ ಜಾಗಕ್ಕೆ ತಂದಿರಲಿಲ್ಲ. ಇಕ್ಕಳದಿಂದ ಎರಡನ್ನೂ ಸರಿಯಾದ ಜಾಗದಲ್ಲಿ ಕೂಡಿಸಿದೆ. ಅದೇ ಕನ್ನಡಿಯಲ್ಲಿ ಇನ್ನೊಂದೂ ಕಂಡಿತು. ಸ್ಕ್ರೂಡ್ರೈವರ್ ಜಾರಿದ ಕಡೆ ಹಲಗೆಯ ಮೇಲೆ ಒಂದು ಗೀರು. ಮಾವಶಿಗೆ ತೋರಿಸಿದೆ.

ಅವರು ಅದನ್ನು ನೋಡಿ, ‘ಗೀರು ಒಳಗ ಹೋಗಿದ್ದರ ನಾವೇನೂ ಮಾಡ್ಲಿಕ್ಕೆ ಆಗೂದಿಲ್ಲ. ಆಗದ್ದು ಕಡೀಕ ನೋಡೂದು. ಆಗೂದು ಮೊದಲ ನೋಡೂದು’ ಎಂದರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕರೆಂಟು ಬಂತು. ಎಲ್ಲ ಮೊದಲಿದ್ದಂತೆ ಕೂಡಿಸಿದ್ದೆ. ಗುಂಡಿ ಒತ್ತಿದೆ. ಫ್ಯಾನು. ಕಪ್ಪು ಪರದೆ.

ನಾನು ಮಾವಶಿಯ ಮುಖ ನೋಡಿದೆ. ಅವರು ನೋಟುಬುಕ್ಕು ನೋಡುತ್ತಿದ್ದರು. ಒಂದೇ ಹೊತ್ತಿಗೆ ಎರಡು ದೋಷ ಸೇರಿಕೊಂಡರೆ ಒಂದನ್ನು ಸರಿಪಡಿಸಿದ್ದೂ ಗೊತ್ತಾಗುವುದಿಲ್ಲ, ಹಾಗಾಗಿ ಸರಿಪಡಿಸಿದ್ದನ್ನು ಮತ್ತೆ ಕೆದಕಬಾರದು ಎಂದು ಹೇಳಿ, ಎಲ್ಲವನ್ನೂ ತೆಗೆಸಿದರು. ಡಿಸ್ಕು, ಫ್ಲಾಪಿ, ಇತರ ಕಾರ್ಡುಗಳು. ಹಲಗೆ, ಪ್ರೊಸೆಸರ್, ಅದರ ಫ್ಯಾನು, ಮೆಮೊರಿಯ ಪಟ್ಟಿ, ಪರದೆಗೆ ಹೋಗುವ ಕಾರ್ಡು, ಇಷ್ಟೇ ಉಳಿದವು. ಆದರೂ ಸದ್ದಿಲ್ಲ. ಕೊನೆಗೆ ಮೆಮೊರಿ ಪಟ್ಟಿಯನ್ನು ತೋರಿಸಿ, ‘ಇದು ಇಲ್ಲದ ಶುರು ಮಾಡಿದರ ಏನಾಗಬೇಕು?’ ಎಂದು ಕೇಳಿದರು.

ಹಿಂದೊಮ್ಮೆ ಸಂಸ್ಥೆಯ ಕಚೇರಿಯಲ್ಲಿ ಯಾರೋ ಧೂಳು ಒರೆಸಿದಾಗ ಒಳಗಿನ ಮೆಮೊರಿ ಸಡಿಲವಾಗಿ ಯಂತ್ರ ಬಿಡದೆ ಕೂಗಿಕೊಂಡಿದ್ದು ನೆನಪಿತ್ತು. ‘ಅಳ್ತದರಿ’ ಎಂದೆ.

‘ಹಂಗಾದರ ಅಳಸಿ ನೋಡು. ಅತ್ತರ ಜೀವ ಅದ.’

ಪಟ್ಟಿ ತೆಗೆದೆ. ತೆಗೆಯುವಾಗಲೇ ಗೊತ್ತಾಯಿತು, ಅದರ ಒಂದು ತುದಿಯ ಕೊಂಡಿ ಪೂರ್ತಿ ಹಾಕಿಕೊಂಡಿರಲಿಲ್ಲ. ಸ್ಕ್ರೂಡ್ರೈವರ್ ಜಾರಿದಾಗ ತಾಕಿ ಸೊಟ್ಟಗಾಗಿರಬೇಕು, ಮತ್ತೆ ಕೂಡಿಸಿದಾಗಲೂ ಹಿಡಿದಿರಲಿಲ್ಲ. ಗುಂಡಿ ಒತ್ತಿದೆ.

ಯಂತ್ರ ಅತ್ತಿತು. ಉದ್ದಕ್ಕೆ, ಕರ್ಕಶವಾಗಿ, ನಿಲ್ಲಿಸಿ ನಿಲ್ಲಿಸಿ. ನಾನೂ ಅಳುತ್ತಿದ್ದೆ ಎಂದು ಕಾಣುತ್ತದೆ. ಮಾವಶಿ ಕಣ್ಣು ಮುಚ್ಚಿಕೊಂಡು ಆ ಸದ್ದನ್ನು ಕೇಳುತ್ತ ಕೂತಿದ್ದರು. ಸೆರಗು ಜಾರಿ ಎರಡೂ ಕೈಗಳು ಮಡಿಲಲ್ಲಿ ನಡುಗುತ್ತಿದ್ದವು. ಮುಚ್ಚಿಕೊಳ್ಳಲು ಅವರಿಗೆ ನೆನಪಾಗಲಿಲ್ಲ.

ಪಟ್ಟಿಯನ್ನು ಪಕ್ಕದ ಇನ್ನೊಂದು ಸಂದಿಯಲ್ಲಿ, ಎರಡೂ ಕೊಂಡಿ ‘ಟಕ್’ ಎನ್ನುವ ತನಕ ಒತ್ತಿ ಕೂಡಿಸಿದೆ. ಸಣ್ಣದೊಂದು ‘ಪೀ’. ಪರದೆಯ ಮೇಲೆ ಬಿಳಿ ಅಕ್ಷರಗಳು. ಒಂದೊಂದೇ ಸಾಮಾನು ಹಾಕುತ್ತ, ಹಾಕಿದಾಗಲೆಲ್ಲ ಶುರುಮಾಡಿ ನೋಡುತ್ತ, ಐದೂವರೆಯ ಹೊತ್ತಿಗೆ ಮಕ್ಕಳ ಹೆಸರಿನ ಪಟ್ಟಿ ತೆರೆದುಕೊಂಡಿತು. ಗೀರು ಮೇಲಿನ ಬಣ್ಣಕ್ಕಷ್ಟೇ ತಾಕಿತ್ತು.

ಆಗ ನನಗೊಂದು ಹುಮ್ಮಸ್ಸು ಬಂತು. ಟೋಪಿಗಳ ಗುಟ್ಟು ಗೊತ್ತಾಗಿದೆಯಲ್ಲ, ಹೊಸ ಪ್ರೊಸೆಸರನ್ನು ಈಗಲೇ ಹಾಕಿಬಿಡೋಣ ಎಂದು ಸ್ಕ್ರೂಡ್ರೈವರ್ ಎತ್ತಿಕೊಂಡೆ. ಮಾವಶಿ ಮೊದಲ ಸಲ ಗದರಿದರು.

‘ಪೋರಿ, ಇಡು ಅದನ್ನ. ಹೊಸದು ನಿನ್ನ ಹೌಸು, ನಿನ್ನ ಖುಷಿಗೆ. ಹಾಳಿ ಆ ಮಕ್ಕಳದು. ಮೊದಲ ಅವರದು ಮುಗಿಸು.’

ಸ್ಕ್ರೂಡ್ರೈವರ್ ಇಟ್ಟೆ. ಆ ಸಂಜೆ ಹದಿನಾಲ್ಕು ಹಾಳೆ ಮುದ್ರಿಸಿದೆ, ಉಳಿದವನ್ನು ಶುಕ್ರವಾರ ಮಧ್ಯಾಹ್ನದೊಳಗೆ. ಹಳೆಯ ಪ್ರಿಂಟರಿನಿಂದ ಒಂದೊಂದು ಹಾಳೆಯೂ ತೆವಳುತ್ತ ಹೊರಗೆ ಬರುತ್ತಿತ್ತು. ಶುಕ್ರವಾರ ಬೆಳಿಗ್ಗೆ ನಾನು ಕರೆಯದೆಯೇ ಮಾವಶಿ ಮೇಲೆ ಬಂದರು. ಹಾಳೆಗಳನ್ನು ಮೇಜಿನ ಮೇಲೆ ಹರಡಿಸಿ, ಒಂದೊಂದನ್ನೂ ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಕನ್ನಡ ಓದಿ ಎಷ್ಟೋ ಕಾಲವಾಗಿತ್ತು. ಒತ್ತಕ್ಷರ ಬಂದಲ್ಲಿ ನಿಂತು, ಬಾಯಲ್ಲಿ ಉಚ್ಚರಿಸಿ ಮುಂದೆ ಹೋಗುತ್ತಿದ್ದರು. ಬೆರಳು ನಡುಗಿ ಸಾಲು ತಪ್ಪಿದರೆ ಮತ್ತೆ ಮೊದಲಿನಿಂದ. ನಾನು ಬೇಸರಪಟ್ಟುಕೊಳ್ಳುವಷ್ಟರಲ್ಲಿ ಒಂದು ಹಾಳೆಯನ್ನು ನನ್ನ ಕಡೆ ತಳ್ಳಿದರು.

‘ಎರಡು ವರ್ಷದ ಕೂಸು ಮೂರನೇ ಇಯತ್ತೆ ಪಾಸಾಗೇದ. ಭಾಳ ಶಾಣ್ಯಾ ಇರಬೇಕು.’

ಹುಟ್ಟಿದ ವರ್ಷದಲ್ಲಿ ಒಂದು ಅಂಕಿ ತಪ್ಪಿಸಿದ್ದೆ. ಆ ಹಾಳೆ ಹಾಗೆಯೇ ಹೋಗಿದ್ದರೆ ಆ ಹುಡುಗಿಯನ್ನು ಬಾಗಿಲಲ್ಲೇ ತಿರುಗಿ ಕಳಿಸುತ್ತಿದ್ದರು. ಅಂಥವು ಮೂರು ಸಿಕ್ಕವು. ಮೂರನ್ನೂ ಸರಿಮಾಡಿ ಮತ್ತೆ ಮುದ್ರಿಸಿದೆ. ಸಂಜೆ ಸಂಸ್ಥೆಯಲ್ಲಿ ಮೊಹರು ಬಿತ್ತು.

ಶನಿವಾರ ಸ್ವಾರಗೇಟಿನ ಬಸ್ ನಿಲ್ದಾಣದಲ್ಲಿ ಬಿಸಿಲು ಉರಿಯುತ್ತಿತ್ತು. ಗಂಟುಮೂಟೆ, ಪಾತ್ರೆ, ಕಟ್ಟಿದ ಕೌದಿಗಳ ನಡುವೆ ಹುಡುಕಿ ಹುಡುಕಿ ಒಬ್ಬೊಬ್ಬರ ಕೈಗೂ ಹಾಳೆ ಕೊಟ್ಟೆ. ಒಬ್ಬ ತಾಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದರಾಗ ನಮ್ಮ ಹುಡುಗಿ ಹೆಸರು ಎಲ್ಲೈತ್ರಿ ಟೀಚರ್?’ ಎಂದು ಕೇಳಿದಳು. ತೋರಿಸಿದೆ. ಅವಳು ಆ ಜಾಗವನ್ನು ಹೆಬ್ಬೆರಳಿಂದ ಮೆಲ್ಲಗೆ ಸವರಿ, ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿ ರವಿಕೆಯಲ್ಲಿ ಇಟ್ಟುಕೊಂಡಳು.

ಮನೆಗೆ ಬಂದಾಗ ಮಾವಶಿ ಅಂಗಳದಲ್ಲಿ ನಿಂತಿದ್ದರು. ‘ಎಷ್ಟು ಹೋದವು?’

‘ನಲವತ್ತೆರಡು. ಒಬ್ಬರು ನಿನ್ನೆನ ಹೋಗಿಬಿಟ್ಟಾರಂತ್ರಿ.’

‘ಅವರ ಊರಿನ ಸಾಲಿಗೆ ಟಪಾಲಿನಾಗ ಹಾಕು’ ಎಂದು ಹೇಳಿ ಒಳಗೆ ಹೋದರು. ಹಾಕಿದೆ. ಮಳೆಗಾಲದಲ್ಲಿ ಆ ಊರಿನ ಮುಖ್ಯೋಪಾಧ್ಯಾಯರಿಂದ ಒಂದು ಕಾರ್ಡು ಬಂತು, ಹುಡುಗನನ್ನು ನಾಲ್ಕನೆಯ ತರಗತಿಗೆ ಸೇರಿಸಿಕೊಂಡಿದ್ದೇವೆ ಎಂದು. ಅದನ್ನು ಮಾವಶಿಗೆ ಓದಿ ಹೇಳಿದೆ. ಅವರು ಕಾರ್ಡು ಇಸಿದುಕೊಂಡು ತಾವೇ ಇನ್ನೊಮ್ಮೆ ಓದಿದರು. ಎಲ್ಲ ಮಕ್ಕಳ ಕಥೆ ನನಗೆ ತಿಳಿಯಲಿಲ್ಲ. ಹತ್ತು-ಹನ್ನೆರಡು ಮಂದಿಯದು ತಿಳಿಯಿತು. ಉಳಿದವರು...

ಹೊಸ ಪ್ರೊಸೆಸರನ್ನು ಹದಿನೈದು ದಿನ ಬಿಟ್ಟು ಹಾಕಿದೆವು. ಮೂರು ಸಲ ತಪ್ಪಿದೆ. ಮೂರು ಸಲವೂ ಮಾವಶಿಗೆ ತಪ್ಪು ಕಂಡಿತ್ತು ಎಂದು ಈಗ ಅನಿಸುತ್ತದೆ. ಯಂತ್ರಕ್ಕೆ ಅಪಾಯವಾಗುವಂಥದಾದರೆ ಮಾತ್ರ ತಡೆದು, ಉಳಿದಂತೆ ಸುಮ್ಮನೆ ಕೂತು, ನಾನೇ ಕಂಡುಹಿಡಿಯುವ ತನಕ ಕಾಯುತ್ತಿದ್ದರು. ಆಮೇಲೆ ಪ್ರತಿ ಗುರುವಾರ ಕರೆಂಟು ಹೋದ ಹೊತ್ತಿಗೆ ಅವರ ಮನೆಗೆ ನಾನು ಹೋಗುವುದು ರೂಢಿಯಾಯಿತು. ಯಾರದೋ ಕೆಟ್ಟ ರೇಡಿಯೊ, ಮಿಕ್ಸರು, ಸಂಸ್ಥೆಗೆ ದಾನ ಬಂದ ಸತ್ತ ಕಂಪ್ಯೂಟರುಗಳು. ನನ್ನ ಕೈ, ಅವರ ಕಣ್ಣು. ಚಹಾವನ್ನು ನಾನು ಅಗಲ ಬಾಯಿಯ ಚೊಂಬಿನಲ್ಲಿ ಕಾಲುಭಾಗ ಮಾತ್ರ ಹಾಕಿ ಕೊಡುತ್ತಿದ್ದೆ. ಅದರ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಲಿಲ್ಲ.

ಇವತ್ತು ನಾನು ಒಂದು ಶಾಲೆಯ ಕಂಪ್ಯೂಟರ್ ಕೋಣೆಯನ್ನು ನೋಡಿಕೊಳ್ಳುತ್ತೇನೆ. ಗಂಡನ ಕಾರ್ಖಾನೆ ಮುಚ್ಚಿದ ಮೇಲೆ ಮನೆ ನಡೆದದ್ದು, ಮಗಳು ಓದಿದ್ದು ಈ ಕೆಲಸದಿಂದ. ಯಾವ ಪ್ರಮಾಣಪತ್ರವೂ ಇಲ್ಲದ ನನಗೆ ಆ ಕೆಲಸ ಸಿಕ್ಕದ್ದು, ಮುಖ್ಯಾಧ್ಯಾಪಕಿ ಕೊಟ್ಟ ಶುರುವಾಗದ ಯಂತ್ರವೊಂದರ ಮುಂದೆ ಕೂತು, ನಡುವೆ ಗೆರೆ ಹಾಕಿದ ಹಾಳೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡಿದ್ದರಿಂದ. ಇದನ್ನು ಮಾವಶಿಗೆ ಹೇಳಿದ್ದೆ. ನಿಮ್ಮಿಂದಲೇ ಆಯಿತು ಎಂದು ಶುರುಮಾಡಿದಾಗ, ‘ಆ ಯಂತ್ರಕ್ಕ ಏನಾಗಿತ್ತು ಹೇಳು’ ಎಂದು ಮಾತು ತಿರುಗಿಸಿದರು.

ಕೆಲವು ವರ್ಷಗಳ ನಂತರ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾಯಿತು. ನಾವು ಬೇರೆ ಕಡೆ ಹೋದೆವು. ಮಾವಶಿಯನ್ನು ಅವರ ತಮ್ಮನ ಮಗ ಸಾಂಗಲಿಗೆ ಕರೆದುಕೊಂಡು ಹೋದ. ಒಮ್ಮೆ ಹೋಗಿ ನೋಡಿ ಬಂದೆ. ಒಳ್ಳೆಯ ಮನೆ, ಒಳ್ಳೆಯ ಸೊಸೆ. ಊಟವನ್ನು ಅವಳೇ ತುತ್ತು ಮಾಡಿ ಉಣಿಸುತ್ತಿದ್ದಳು. ಶಾಲೆಯ ಯಂತ್ರವೊಂದು ಅರ್ಧ ಗಂಟೆ ನಡೆದು ತಾನಾಗಿ ಆರುತ್ತಿದ್ದ ಸಮಸ್ಯೆಯನ್ನು ನಾನು ಹೇಳಿದೆ. ಮಾವಶಿಯ ಮಾತು ಆಗಲೇ ತೊದಲುತ್ತಿತ್ತು. ‘ಬೆಳಿಗ್ಗೆನೂ ಅರ್ಧ ಗಂಟೆನ, ಮಧ್ಯಾಹ್ನನೂ ಅರ್ಧ ಗಂಟೆನ?’ ಎಂದು ಕೇಳಿದರು. ನಾನು ಅದನ್ನು ನೋಡಿರಲೇ ಇಲ್ಲ. ಪುಣೆಗೆ ಬಂದು ನೋಡಿದೆ. ಬಿಸಿಲೇರಿದ ಮೇಲೆ ಹತ್ತೇ ನಿಮಿಷಕ್ಕೆ ಆರುತ್ತಿತ್ತು. ತಂಪು ಮಾಡುವ ಫ್ಯಾನು ಸೋತಿತ್ತು. ದೀಪಾವಳಿಗೆ ಹೋದಾಗ ಹೇಳಬೇಕು ಎಂದುಕೊಂಡೆ.

ದೀಪಾವಳಿಗೆ ಇನ್ನೂ ಮೂರು ವಾರವಿರುವಾಗ ಸಾಂಗಲಿಯಿಂದ ಫೋನು ಬಂತು. ಮಾವಶಿ ಹೋಗಿ ಹನ್ನೊಂದು ದಿನವಾಗಿತ್ತು. ನನ್ನ ನಂಬರು ಸಿಕ್ಕಿರಲಿಲ್ಲ ಎಂದು ಆ ಸೊಸೆ ಬಹಳ ನೊಂದುಕೊಂಡು ಹೇಳಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಂಬರು ಬದಲಾದಾಗ ತಿಳಿಸಬೇಕಾದವಳು ನಾನು.

ಕಳೆದ ವಾರ ಬಸ್ಸಿಳಿದು ಆ ಗಲ್ಲಿಯಲ್ಲಿ ನಡೆದುಹೋದೆ. ನಮ್ಮ ಕಟ್ಟಡ ಇದ್ದ ಜಾಗದಲ್ಲಿ ಹನ್ನೊಂದು ಮಹಡಿ ಎದ್ದಿದೆ. ಮಾವಶಿಯ ಬಾಗಿಲು ಎ‌ಲ್ಲಿತ್ತು ಎಂದು ಅಂದಾಜು ಮಾಡುತ್ತ ಗೇಟಿನ ಮುಂದೆ ನಿಂತೆ. ಕಾವಲುಗಾರ ಎದ್ದು ಬಂದು, ‘ಕೋಣ್ ಪಾಹಿಜೆ ತಾಯಿ?’ ಎಂದು ಕೇಳಿದ. ಯಾರೂ ಇಲ್ಲ ಎಂದು ನಾನು ಮರಾಠಿಯಲ್ಲೇ ಹೇಳಿದೆ. ಅವನು ನನ್ನ ಮಾತಿನ ಧಾಟಿಯನ್ನು ಒಂದು ಕ್ಷಣ ಆಲಿಸಿದವನಂತೆ ನಿಂತು, ‘ನಮ್ಮ ಕಡೆಯವ್ರೇನ್ರಿ?’ ಎಂದ.

‘ಹೌದ್ರಿ. ವಿಜಾಪುರ.’

‘ಯಾರ್ ಬೇಕಾಗಿತ್ರಿ?’

‘ಇಲ್ಲೆ ಒಬ್ಬರು ಮಾವಶಿ ಇದ್ರು’ ಎಂದೆ. ‘ನನಗ ಕೆಲಸ ಕಲಿಸಿದವ್ರು. ಈಗ ಇಲ್ರಿ.’

ಅವನು ತಾನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ನೆರಳಿಗೆ ಎಳೆದಿಟ್ಟು, ‘ಕುಂದರ್ರಿ ಸ್ವಲ್ಪ’ ಎಂದ.

ಕೂತೆ.